ತೊಟ್ಟಿಗೆ ಬಿದ್ದ ಪಾರಿವಾಳ

"ನಾನು ಹಾಕಿದ ಬಣ್ಣ ಜಪ್ಪಯ್ಯ ಅಂದ್ರೂ ಬಿಡಲ್ಲ" ಅನ್ನೋದು ಬಟ್ಟೆಗೆ ಬಣ್ಣ ಹಾಕುವ ನನ್ನ ಗಂಡನ ದಿನನಿತ್ಯದ ಜಂಬ. ನನಗೂ ಅದು ಚೆಂದವೇ ಅನ್ನಿಸುತ್ತಿತ್ತು, ನನ್ನ ಪೆದ್ದಿ ಅವರ ಕೆಂಪು ಬಣ್ಣದ ತೊಟ್ಟಿಗೆ ಬೀಳುವವರೆಗೆ.

ಪೆದ್ದಿ ನನ್ನ ಪಾರಿವಾಳ. ಮಾಳಿಗೆಯ ಮೇಲೆ ಸಾಕಿದ ಬಿಳಿ ಹಿಂಡಿನಲ್ಲಿ ಅದು ತಾಯಿಲ್ಲದ ಮರಿ; ಕೈಯಾರೆ ಉಣಿಸಿ ಬದುಕಿಸಿದ್ದೆ. ತೊಟ್ಟಿಯಿಂದ ಎತ್ತಿ, ಸೋಪು ಹಾಕಿ ಎಷ್ಟು ತೊಳೆದರೂ ಬಣ್ಣ ಹೋಗಲಿಲ್ಲ.

"ಹೇಳಿರಲಿಲ್ವಾ?" ಅಂದರು ಇವರು, ಹೆಮ್ಮೆಯಿಂದ. ಅವರನ್ನೂ ತೊಟ್ಟಿಗೆ ತಳ್ಳೋಣ ಅನ್ನಿಸಿತು.

ಅಲ್ಲಿಯವರೆಗೆ ಗಿಡುಗ ಎರಗಿದರೆ ಹಕ್ಕಿಗಳೆಲ್ಲ ಒತ್ತೊತ್ತಾಗಿ ಸೇರಿ ಒಟ್ಟಿಗೇ ಹೊರಳುತ್ತಿದ್ದವು. ಯಾವುದನ್ನು ಹಿಡಿಯಲಿ ಅಂತ ತಿಳಿಯದೆ ಅದು ಪೆಚ್ಚಾಗಿ ವಾಪಸಾಗುತ್ತಿತ್ತು. ಈಗ ಹಿಂಡು ಎತ್ತ ತಿರುಗಿದರೂ ಗಿಡುಗ ಕೆಂಪು ಹಕ್ಕಿಯ ಬೆನ್ನು ಬಿಡಲಿಲ್ಲ. ಪೆದ್ದಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಗೂಡು ಸೇರಿತು. ಕೂಡಿಹಾಕಿದರೆ ಕಾಳು ಮುಟ್ಟದೆ ತಂತಿಗೆ ತಲೆ ಚಚ್ಚಿಕೊಂಡಿತು. ಒಳಗಿಟ್ಟರೂ ಸಾವು, ಹೊರಗೆ ಬಿಟ್ಟರೂ ಸಾವು. ಗೂಡಿನ ಮುಂದೆ ಕೂತು ಅತ್ತುಬಿಟ್ಟೆ.

ಒಗೆದ ಬಟ್ಟೆ ಗಲೀಜು ಮಾಡುತ್ತವೆ ಅಂತ ಪಾರಿವಾಳ ಕಂಡರಾಗದ ನಮ್ಮ ಅತ್ತೆ ಮೇಲೆ ಬಂದರು.

"ಯಾಕೆ ಅಳ್ತೀಯೇ? ಅದೊಂದೇ ಕೆಂಪಗಿದೆ ಅಂತ ತಾನೇ ಕಣ್ಣಿಗೆ ಬೀಳ್ತಿರೋದು? ಮಿಕ್ಕವಕ್ಕೂ ಬಳಿ."

ಒಂದನ್ನು ಬೆಳ್ಳಗೆ ಮಾಡಲು ಒದ್ದಾಡುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಅತ್ತೆ ಹಕ್ಕಿ ಹಿಡಿದರು, ಇವರು ಬಣ್ಣದಲ್ಲಿ ಬಟ್ಟೆ ಅದ್ದಿ ಹಗುರಾಗಿ ಬಳಿದರು, ನಾನು ಒಣಗಿಸಿದೆ. ಸಂಜೆಗೆ ಮೂವರ ಕೈಯೂ ಮೊಣಕೈವರೆಗೆ ಕೆಂಪು. ಅತ್ತೆಯ ಮೂಗೂ.

ಮರುದಿನ ಗೂಡಿನ ಬಾಗಿಲು ತೆಗೆದೆ. ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಗಿಡುಗ ಕಾಯುತ್ತಿತ್ತು. ಹಿಂಡು ಮೇಲೇರಿದ್ದೇ ತಡ, ಅದು ಎರಗಿತು. ನನ್ನ ಜೀವ ಬಾಯಿಗೆ ಬಂತು. ಹಿಂಡು ಮುದುಡಿತು, ಹೊರಳಿತು, ಮತ್ತೆ ಹರಡಿತು. ಗಿಡುಗ ನಡುವೆ ತೂರಿ ಆಚೆ ಬಂದಾಗ ಅದರ ಕಾಲಲ್ಲಿ ಒಂದು ಗರಿಯೂ ಇರಲಿಲ್ಲ. ಇನ್ನೆರಡು ಸಲ ಎರಗಿ, ಸಾಕಾಗಿ, ದೂರ ಹಾರಿಹೋಯಿತು.

ಹೋದ ಜೀವ ಬಂದಂತಾಯಿತು. ನಗುವೂ ಅಳುವೂ ಒಟ್ಟಿಗೇ ಬಂತು.

"ಪೆದ್ದಿ ಯಾವ್ದೇ?" ಅಂತ ಇವರು ಕೇಳಿದರು.

ತುತ್ತಿಟ್ಟು ಬೆಳೆಸಿದವಳು ನಾನು. ಕತ್ತೆತ್ತಿ ಹುಡುಕಿದೆ, ಹುಡುಕಿದೆ.

"ಗೊತ್ತಾಗ್ತಿಲ್ಲ ರೀ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಖುಷಿಯಿಂದ ಕೂಗಿದೆ.