ಎಳೆ ತುಂಡಾಗುವ ಹೊತ್ತು

ಅಕ್ಕ ತಂಗಿ ಇಬ್ಬರೂ ಒಂದು ಶೆಡ್ಡಿನಲ್ಲಿ ಕೈ ತೊಳೆಯುವ ದ್ರವಸೋಪು ತಯಾರಿಸುತ್ತಿದ್ದರು. ಆ ವಾರ ಮೂರನೇ ಸಲ ದೂರು ಬಂತು: ಪಂಪು ಒತ್ತಿದರೆ ಸೋಪು ಅಂಗೈಗೆ ಬೀಳದೆ ಎಳೆಯಾಗಿ ಜೋತಾಡುತ್ತದೆ.

ಅಕ್ಕ ತಳದಲ್ಲಿ ತೂತಿರುವ ಅಳತೆಯ ಬಟ್ಟಲಿಗೆ ಸೋಪು ಸುರಿದು, ಅದು ಖಾಲಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದಳು. ಒಳ್ಳೆಯ ಸೋಪಿಗೂ ನಲವತ್ತು ಸೆಕೆಂಡು, ಕೆಟ್ಟದ್ದಕ್ಕೂ ನಲವತ್ತು.

"ಈ ಬಟ್ಟಲು ಕಟ್ಕೊಂಡು ನಾನೇನ್ ಮಾಡ್ಲಿ? ಎರಡಕ್ಕೂ ಒಂದೇ ರಾಗ ಹಾಡುತ್ತೆ."

"ಎಷ್ಟು ಮಂದ ಅಂತ ಮಾತ್ರ ಹೇಳುತ್ತೆ ಕಣಕ್ಕ. ಎಷ್ಟು ಜಗ್ಗುತ್ತೆ ಅಂತ ಹೇಳಲ್ಲ," ಎಂದಳು ತಂಗಿ. ಅದನ್ನು ಅಳೆಯುವ ಯಂತ್ರದ ಬೆಲೆ ಕೇಳಿ ಇಬ್ಬರೂ ಹಿಂದೆಯೇ ಆಸೆ ಬಿಟ್ಟಿದ್ದರು.

ತಂಗಿ ಭಾವನ ವರ್ನಿಯರ್ ಕ್ಯಾಲಿಪರ್ ಎಂಬ ದಪ್ಪ ಅಳೆಯುವ ಸಲಕರಣೆ ತಂದು, ಅದರ ಎರಡು ದವಡೆಗಳ ನಡುವೆ ಒಂದು ಹನಿ ಇಟ್ಟು ಸರಕ್ಕನೆ ಅಗಲಿಸಿದಳು. ಎಳೆ ತುಂಡಾಗುವುದನ್ನು ಅಕ್ಕ ಫೋನಿನ ನಿಧಾನಗತಿಯ ವಿಡಿಯೊದಲ್ಲಿ ಹಿಡಿದಳು. ಒಂದೇ ಸೋಪಿನ ಎಳೆ ಒಮ್ಮೆ ಅರ್ಧ ಸೆಕೆಂಡು ಉಳಿದರೆ ಇನ್ನೊಮ್ಮೆ ಎರಡು. ಮಧ್ಯಾಹ್ನವೆಲ್ಲ ಹೀಗೇ ಕಳೆದು ಅಕ್ಕನಿಗೆ ರೇಗಿಹೋಯಿತು. ಕೊನೆಗೆ ಫ್ಯಾನಿನ ಗಾಳಿಗೆ ಹನಿ ಒಣಗುತ್ತಿದೆಯೆಂದು ಹೊಳೆದು ಫ್ಯಾನು ನಿಲ್ಲಿಸಿದರು. ಬೆವರು ಇಳಿಯಿತು, ಆದರೆ ಅಂಕಿಗಳು ಕೂಡಿಬಂದವು: ಒಳ್ಳೆಯದು ಕಾಲು ಸೆಕೆಂಡು, ಕೆಟ್ಟದ್ದು ಒಂದೂಕಾಲು.

"ಸಿಕ್ತಲ್ಲ," ಎಂದಳು ತಂಗಿ.

ಅಕ್ಕ ಮಾರಾಟಕ್ಕೆಂದು ಸೋಪು ತುಂಬಿ ಗೋಡೆಬದಿಯಲ್ಲಿಟ್ಟಿದ್ದ ನಾಲ್ಕು ಡ್ರಮ್ಮುಗಳಿಂದಲೂ ಒಂದೊಂದು ಹನಿ ತೆಗೆದು ಎಳೆದು ನೋಡಿದಳು. ಮೂರು ಕೆಟ್ಟಿದ್ದವು.

"ಇಷ್ಟು ಹೆಣಗಾಡಿ ತಿಳ್ಕೊಂಡಿದ್ದು ಇದನ್ನೇ," ಎಂದು ಕ್ಯಾಲಿಪರನ್ನು ಮೇಜಿಗೆ ಕುಕ್ಕಿ, ಕೆಟ್ಟ ಡ್ರಮ್ಮುಗಳಲ್ಲಿ ಮೊದಲನೆಯದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಗೀಟು ಹಾಕಿದಳು.