ಇಷ್ಟಲಿಂಗ ಹಿಡಿದ ಕೈ

ಪ್ರೇಮಲಾಳ ಹೊಟ್ಟೆ ಉರಿಯುವುದಕ್ಕೆ ಶಿವಕಾಂತಾ ಏನೂ ಮಾಡಬೇಕಾಗಿರಲಿಲ್ಲ, ತಾಂಡೂರಿನಿಂದ ಬಂದು ಇಳಿದರೆ ಸಾಕಿತ್ತು. ಈ ಹಿರಿಯ ಓರಗಿತ್ತಿ ಯಾವಾಗಲೋ ಒಮ್ಮೆ ನಾರಾಯಣಖೇಡದ ಮನೆಗೆ ಬರುವವಳು. ಬಂದಾಗಲೆಲ್ಲ ಅತ್ತೆ ಸುಗಲಾಬಾಯಿ ಪಕ್ಕದಲ್ಲೇ ಕುಳಿತು, ಅವಳ ರೊಟ್ಟಿಗೆ ತಾವೇ ಬೆಣ್ಣೆ ಹಚ್ಚಿಕೊಡುವರು. ವರ್ಷವಿಡೀ ಆ ಮನೆಯಲ್ಲಿ ರೊಟ್ಟಿ ಬಡಿಯುವ ಪ್ರೇಮಲಾಳ ತಟ್ಟೆಯಲ್ಲಿ ಏನಿದೆ ಎಂದು ನೋಡಿದವರಿಲ್ಲ.

ಅತ್ತೆಯ ಕುತ್ತಿಗೆಯ ಗಂಟನ್ನು ಮೊದಲು ಕಂಡವಳು ಪ್ರೇಮಲಾ. ನೀರು ಗುಟುಕರಿಸುವಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಜಹೀರಾಬಾದಿನ ಆಸ್ಪತ್ರೆಗೆ ಕರೆದೊಯ್ದವಳು, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷಿಸುವಾಗ ಕೈ ಹಿಡಿದು ನಿಂತವಳೂ ಅವಳೇ. ಕ್ಯಾನ್ಸರ್ ಅಲ್ಲ, ಆದರೆ ಗಂಟು ಬೆಳೆದು ಉಸಿರಿನ ಕೊಳವೆಯನ್ನು ಒತ್ತುತ್ತಿದೆ, ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಯಬೇಕು ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದರು. ದನಿಯ ನರ ಆ ಗ್ರಂಥಿಯ ಬೆನ್ನಿಗೇ ಹಾಯುತ್ತದೆ, ಹಾಗಾಗಿ ಕೆಲವು ದಿನ ದನಿ ಒಡೆಯಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ, ಕೂಡಲೇ ತಿಳಿಸಬೇಕು. ಆಮೇಲೆ ಜೀವ ಇರುವ ತನಕ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಬೇಕು. ಪ್ರೇಮಲಾ ಎಲ್ಲವನ್ನೂ ಮತ್ತೆ ಮತ್ತೆ ಕೇಳಿ ಮನಸ್ಸಿನಲ್ಲಿಟ್ಟುಕೊಂಡಳು.

ಆಪರೇಷನ್ನಿನ ದಿನ ಶಿವಕಾಂತಾ ಇಸ್ತ್ರಿ ಮುರಿಯದ ಸೀರೆಯುಟ್ಟು ಬಂದಳು. ಥಿಯೇಟರಿನ ಬಾಗಿಲಲ್ಲಿ ನರ್ಸು, ಕುತ್ತಿಗೆಯಲ್ಲಿ ಏನೂ ಇರಬಾರದು ಎಂದಳು. ಬಂಗಾರದ ಸರವನ್ನು ಸುಗಲಾಬಾಯಿ ಸುಮ್ಮನೆ ಬಿಚ್ಚಿಕೊಟ್ಟರು. ದೀಕ್ಷೆಯಾದಾಗಿನಿಂದ ಎದೆಯ ಮೇಲಿದ್ದ ಇಷ್ಟಲಿಂಗದ ಹತ್ತಿರ ಬಂದಾಗ ಅವರ ಕೈ ನಿಂತಿತು. ಅದನ್ನು ಚೀಲದಲ್ಲಿ ಹಾಕುವಂತಿಲ್ಲ, ಎಲ್ಲೂ ಇಡುವಂತಿಲ್ಲ, ತಾವು ಹೊರಗೆ ಬರುವ ತನಕ ಮನೆಯವರೊಬ್ಬರು ಅಂಗೈಯಲ್ಲೇ ಹಿಡಿದಿರಬೇಕು ಎಂದರು. ಪ್ರೇಮಲಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಸುಗಲಾಬಾಯಿ ಆ ಕೈಯನ್ನು ದಾಟಿ ಶಿವಕಾಂತಾಳ ಅಂಗೈಯಲ್ಲಿ ಲಿಂಗವನ್ನಿಟ್ಟು, ಅವಳ ಬೆರಳುಗಳನ್ನು ಮಡಿಚಿದರು.

ಪ್ರೇಮಲಾಳ ಮೈಗೆ ಬೆಂಕಿ ಬಿದ್ದಂತಾಯಿತು. ಓಡಾಡುವುದಕ್ಕೆ ತಾನು, ನಂಬುವುದಕ್ಕೆ ಇವಳು. ಶಿವಕಾಂತಾ ಕಣ್ಣು ಮುಚ್ಚಿ ಬೆಂಚಿನ ಮೇಲೆ ಕುಳಿತರೆ, ಎಂಥ ಭಕ್ತಿವಂತ ಸೊಸೆ ಎಂಬಂತೆ ಹೋಗಿಬರುವವರು ನೋಡುತ್ತಿದ್ದರು. ಔಷಧಿ ತರುವುದು, ಸಹಿ ಹಾಕುವುದು, ನರ್ಸಿನ ಹಿಂದೆ ಓಡುವುದು ಎಲ್ಲ ಪ್ರೇಮಲಾಳ ಪಾಲಿಗೇ. ಒಂದು ಸಲ ಆ ಲಿಂಗ ಶಿವಕಾಂತಾಳ ಕೈಯಿಂದ ಜಾರಬಾರದೇ ಎಂದು ಕೂಡ ಅನ್ನಿಸಿತು. ಅನ್ನಿಸಿದ್ದಕ್ಕೆ ಗಲ್ಲ ಗಲ್ಲ ಬಡಿದುಕೊಂಡಳು, ಉರಿ ಮಾತ್ರ ಇಳಿಯಲಿಲ್ಲ.

ಅತ್ತೆ ಹೊರಗೆ ಬಂದರು, ಎಚ್ಚರಾದ ಮೇಲೆ ಲಿಂಗವನ್ನು ತೋಳಿಗೆ ಕಟ್ಟಿದ್ದಾಯಿತು. ದನಿ ಪಿಸುಗುಡುವಷ್ಟೇ ಉಳಿದಿತ್ತು. ಅವರನ್ನು ಯಾರೂ ಮಾತಾಡಿಸಬಾರದು ಎಂದು ಪ್ರೇಮಲಾ ವಾರ್ಡಿಗೆಲ್ಲ ಅಪ್ಪಣೆ ಮಾಡಿದಳು. ಯಾರಾದರೂ ಏನಾದರೂ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟುಬಿಡಿ ಎಂದು ಅತ್ತೆಗೂ ಕಲಿಸಿದಳು.

ಮರುದಿನ ಸುಗಲಾಬಾಯಿ ಬೆರಳುಗಳನ್ನು ಉಜ್ಜಿಕೊಳ್ಳತೊಡಗಿದರು. ಲಿಂಗ ಹಿಡಿದಿದ್ದರಲ್ಲಿ ತನ್ನಿಂದಲೇ ಏನೋ ತಪ್ಪಾಯಿತೆಂದು ಶಿವಕಾಂತಾ ಅಳುತ್ತ ಕುಳಿತಳು. ಪ್ರೇಮಲಾ ಮಾತ್ರ, ತುಟಿಯೂ ಜುಮ್ಮೆನ್ನುತ್ತಿದೆಯೇ ಎಂದು ಕೇಳಿ, ಅತ್ತೆ ತಲೆಯಾಡಿಸಿದ್ದೇ ನರ್ಸಿನ ಬಳಿ ಓಡಿದಳು. ರಕ್ತ ಪರೀಕ್ಷಿಸಿ ಕ್ಯಾಲ್ಸಿಯಂ ಏರಿಸಿದರು. ಸ್ವಲ್ಪ ಹೊತ್ತಿನಲ್ಲಿ ಜುಮ್ಮು ಇಳಿಯಿತು.

ಶಿವಕಾಂತಾ ಚಹಾ ತರಲು ಹೋದಾಗ ಪ್ರೇಮಲಾಳಿಗೆ ತಡೆದುಕೊಳ್ಳಲಾಗಲಿಲ್ಲ.

"ಇಷ್ಟೆಲ್ಲ ನಾ ಮಾಡೀನಿ. ಲಿಂಗ ಮಾತ್ರ ಅಕ್ಕನ ಕೈದಾಗ ಯಾಕ ಕೊಟ್ರಿ, ಅತ್ತಿ?"

ಸುಗಲಾಬಾಯಿ ಅವಳನ್ನು ಹತ್ತಿರ ಎಳೆದು ಕಿವಿಯಲ್ಲಿ ಹೇಳಿದರು. "ಅದು ಹಿಡಿದವರು ಒಂದ ಕಡಿ ಕೂತಿರಬೇಕು, ಏಳಂಗಿಲ್ಲ. ಅಕಿಗಿ ಕೂಡೂದು ಬರ್ತದ. ನಿನ್ನ ಕೈ ಖಾಲಿ ಇರಬೇಕಾಗಿತ್ತು, ನನ್ನ ಜೀವ ಇದ್ದದ್ದು ಅದರಾಗ."

ಪ್ರೇಮಲಾಳ ಕಣ್ಣು ತುಂಬಿ ಬಂತು. ಅದೂ ಒಂದು ಗಳಿಗೆ ಮಾತ್ರ. ಶಿವಕಾಂತಾಳ ಕಿವಿಗೆ ಬೀಳದ ಮೇಲೆ ಇಂಥ ಮಾತು ಬಂದರೂ ಏನು ಬಂತು ಎನ್ನಿಸಿತು. ಚಹಾ ಹಿಡಿದು ಒಳಗೆ ಬಂದವಳಿಗೆ ಒಂದಕ್ಷರ ಬಿಡದೆ ಒಪ್ಪಿಸಿದಳು. ಶಿವಕಾಂತಾ ನಂಬಲಿಲ್ಲ.

"ಖರೇನ ಅತ್ತಿ? ನೀವು ಹಂಗ ಅಂದಿರೇನು?"

"ಹೇಳ್ರಿ ಅತ್ತಿ," ಎಂದಳು ಪ್ರೇಮಲಾ.

ಸುಗಲಾಬಾಯಿ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ, ಪ್ರೇಮಲಾ ಕಲಿಸಿದ್ದ ಹಾಗೆಯೇ, ತುಟಿಯ ಮೇಲೆ ಬೆರಳಿಟ್ಟರು.