ತಾಯಿ ಫೈಲು

ಆ ಕಚೇರಿಯಲ್ಲಿ ಯಾರೂ ಕೈದಿಗಳ ಮನೆಗೆ ಹೋಗುತ್ತಿರಲಿಲ್ಲ. ಹೋಗಬೇಕೆಂಬ ನಿಯಮವೇನೋ ಇತ್ತು. ಕೈದಿ ಪೆರೋಲಿಗೆ ಅರ್ಜಿ ಹಾಕಿದರೆ ಪ್ರೊಬೇಷನ್ ಅಧಿಕಾರಿ ಅವನ ಮನೆ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಬಿಡಬಹುದೋ ಬೇಡವೋ ಎಂದು ಪೆರೋಲ್ ಮಂಡಳಿಗೆ ವರದಿ ಕೊಡಬೇಕು. ಆದರೆ ಕಪಾಟಿನಲ್ಲಿ ‘ತಾಯಿ ಫೈಲು’ ಎಂದೊಂದಿತ್ತು. ಅದರಲ್ಲಿ ಮೂರು ಹಳೆಯ ವರದಿಗಳು: ಕದ್ದವನಿಗೊಂದು, ಹೊಡೆದವನಿಗೊಂದು, ಕೊಂದವನಿಗೊಂದು. ಹೆಸರು, ನಂಬರು ಬದಲಿಸಿದರೆ ಕೆಲಸ ಮುಗಿಯಿತು. ಎಂಟು ವರ್ಷ ಪಳಗಿದ ಪ್ರೊಬೇಷನ್ ಅಧಿಕಾರಿ ಮೇಡಂ ಕಾಫಿ ಆರುವುದರೊಳಗೆ ಒಂದನ್ನು ಮುಗಿಸುತ್ತಿದ್ದಳು. ಓದದೆ ರುಜು ಹಾಕುವ ಮೇಲಧಿಕಾರಿಗೆ ರುಜು ಸಾಹೇಬರೆಂದೇ ಹೆಸರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ಅವರು.

ಒಂದು ಸೋಮವಾರ ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದು, ಹೋದ ವರ್ಷದ ತಿರಸ್ಕಾರದ ಪತ್ರವನ್ನು ಮೇಜಿನ ಮೇಲಿಟ್ಟಳು. ಅವಳ ತಮ್ಮ ಕುಡಿದ ಜಗಳದಲ್ಲಿ ಒಬ್ಬನನ್ನು ಕೊಂದು ಒಂಬತ್ತು ವರ್ಷದಿಂದ ಒಳಗಿದ್ದ. ‘ಪತ್ನಿಗೆ ಜೀವಭಯವಿರುವುದರಿಂದ’ ಪೆರೋಲ್ ಇಲ್ಲ ಎಂದು ಪತ್ರದಲ್ಲಿತ್ತು.

“ನಮ್ಮ ತಮ್ಮನಿಗೆ ಮದುವೇನೇ ಆಗಿಲ್ಲ ಮೇಡಂ. ಈ ಹೆಂಡ್ತಿ ಯಾರು? ಒಂದ್ಸಲ ಕರೆಸಿ, ನಾದಿನಿ ಮುಖ ನಾನೂ ನೋಡ್ತೀನಿ.”

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಮೇಡಂಗೆ ಮಾತ್ರ ನಗು ಬರಲಿಲ್ಲ. ಆ ವರದಿ ಅವಳದೇ. ಕೊಂದವನ ಮಾದರಿಯಲ್ಲಿದ್ದ ಯಾರದೋ ಹೆಂಡತಿಯನ್ನು ಅಳಿಸುವುದಕ್ಕೆ ಅವಳು ಮರೆತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ತಮ್ಮನ ಈ ವರ್ಷದ ಅರ್ಜಿ ನೋಡಲು ಮಂಡಳಿ ಸೇರುವುದು ಗುರುವಾರ. ಆ ಸೋಮವಾರ ಸಂಜೆಯೇ ಮೇಡಂ ಆ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ಮಡಿಸುವ ಮಂಚ. ಪಕ್ಕದ ಬಡಗಿಯನ್ನೂ ಕೇಳಿದಳು. “ಕೆಲಸ ಕೊಡ್ತೀನಿ. ಕುಡಿದು ಬಂದ್ರೆ ಮಾತ್ರ ಅವತ್ತೇ ಆಚೆ,” ಎಂದ ಅವನು.

“ಕುಡಿದಾಗ ನನಗೂ ಒಂದ್ಸಲ ಹೊಡೆದಿದ್ದ,” ಎಂದಳು ಅಕ್ಕ. “ಅದನ್ನೂ ಬರ್ಕೊಳ್ಳಿ.”

“ಬರೆದ್ರೆ ಬಿಡದೇ ಇರಬಹುದು ಅಕ್ಕ.”

“ಅವನು ಮಾಡಿದ್ದಕ್ಕೆ ಒಳಗಿದ್ರೆ ಇರ್ಲಿ. ನೀವು ಕಟ್ಟಿದ ಹೆಂಡ್ತಿಗೋಸ್ಕರ ಬೇಡ.”

ಮೇಡಂ ಎಲ್ಲವನ್ನೂ ಬರೆದಳು. ಹೋದ ವರ್ಷದ ವರದಿ ಸುಳ್ಳು, ಬರೆದವಳು ನಾನೇ ಎಂಬುದನ್ನೂ ಸೇರಿಸಿದಳು. ರುಜು ಸಾಹೇಬರು ಜೀವಮಾನದಲ್ಲಿ ಮೊದಲ ಸಲ ಒಂದು ವರದಿ ಓದಿದರು, ಓದಿ ಬೆವರಿದರು.

“ತಲೆ ಕೆಟ್ಟಿದ್ಯೇನಮ್ಮಾ? ಸಂದರ್ಭ ಬದಲಾಗಿದೆ ಅಂತ ಒಂದು ಸಾಲು ಹಾಕು, ಸಾಕು.”

“ಸಂದರ್ಭ ಹಾಗೇ ಇದೆ ಸರ್. ನಾನು ಹೋಗಿ ನೋಡಿದೆ, ಅಷ್ಟೇ.”

ಸಾಹೇಬರು ರುಜು ಹಾಕಲಿಲ್ಲ. ಅವಳು ತನ್ನೊಬ್ಬಳದೇ ರುಜು ಹಾಕಿಕೊಂಡು ಗುರುವಾರ ಮಂಡಳಿಯ ಮುಂದೆ ನಿಂತಳು.

ಅಧ್ಯಕ್ಷರು ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡರು. “ಹೋದ ವರ್ಷ ಹೆಂಡತಿ ಇದ್ರು. ಈ ವರ್ಷ ಇಲ್ಲ. ತೀರಿಕೊಂಡ್ರಾ?”

“ಹುಟ್ಟೇ ಇರ್ಲಿಲ್ಲ ಸರ್. ನಾನು ಹುಟ್ಟಿಸಿದ್ದು.”

“ಟೈಪಿಂಗ್ ತಪ್ಪು ಸರ್,” ಎಂದು ರುಜು ಸಾಹೇಬರು ಅರ್ಧ ಎದ್ದರು.

“ಅಲ್ಲ ಸರ್. ನಾನು ಆ ಮನೆ ಹೊಸ್ತಿಲು ತುಳಿದಿರ್ಲಿಲ್ಲ. ಕೂತಲ್ಲೇ ಬರೆದೆ. ಅವನ ಒಂದು ವರ್ಷ ತಿಂದಿದ್ದು ನಾನು.”

ಅಧ್ಯಕ್ಷರು ಕನ್ನಡಕ ತೆಗೆದರು. “ಇದೊಂದೇನಾ?”

“ಇದೂ ಸೇರಿ ನನ್ನವೇ ಅರವತ್ಮೂರು. ಪಟ್ಟಿ ತಂದಿದೀನಿ.”

ಅಧ್ಯಕ್ಷರು ಪಟ್ಟಿಯನ್ನು ಕೈ ಚಾಚಿ ತೆಗೆದುಕೊಂಡರು. ಆಮೇಲೆ ಹೊಲಿಗೆಯವಳ ತಮ್ಮನ ಅರ್ಜಿ ಎತ್ತಿಕೊಂಡು, ಕುಡಿತದ ಮೇಲೆ ನಿಗಾ ಇರಬೇಕೆಂಬ ಷರತ್ತು ಹಾಕಿ, ಬಿಡಿ ಎಂದು ಬರೆದರು.

ಹೊರಗೆ ರುಜು ಸಾಹೇಬರು ಅವಳನ್ನು ಅಡ್ಡಗಟ್ಟಿದರು. “ಉಂಡ ಮನೆಗೇ ಎರಡು ಬಗೆದೆಯಲ್ಲಾ! ನಾಳೆಯಿಂದ ಆಫೀಸಿಗೆ ಬರ್ಬೇಡ.”

“ಬರಲ್ಲ ಸರ್,” ಎಂದಳು ಅವಳು, ಚೀಲವನ್ನು ಹೆಗಲಿಗೇರಿಸುತ್ತಾ. “ಇನ್ನೂ ಅರವತ್ತೆರಡು ಮನೆಗೆ ಹೋಗೋದಿದೆ.”